ಇಂಕೊನೆಲ್ 718 ಟರ್ನಿಂಗ್‌ಗೆ ಯಾವ ಟಿಪ್: ಪಿವಿಡಿ, ಸಿವಿಡಿ, ಸೆರಾಮಿಕ್?

ಲೇತಿನಲ್ಲಿ ಲೋಹ ಕತ್ತರಿಸಿ ಸವೆದ ಟಿಪ್ಪನ್ನು ಸ್ಕ್ರಾಪ್ ಡಬ್ಬಕ್ಕೆ ಹಾಕುವ ಮುಂಚೆ ಒಂದು ನಿಮಿಷ ಭೂತಗನ್ನಡಿಯ ಕೆಳಗಿಟ್ಟು ನೋಡಿ. ಇಂಕೊನೆಲ್ 718 ಎಂಬ ನಿಕಲ್ ಮಿಶ್ರಲೋಹದ ಮೇಲೆ ಓಡಿದ ಟಿಪ್ಪಾದರೆ ಮೂಗು ಬಹುತೇಕ ಚೆನ್ನಾಗಿಯೇ ಇರುತ್ತದೆ. ಅಲ್ಲಿಂದ ಒಂದೆರಡು ಮಿಲಿಮೀಟರ್ ಹಿಂದೆ, ನೀವು ಕೊಟ್ಟ ಕಟ್ಟಿನ ಆಳ ಎಲ್ಲಿ ಮುಗಿಯುತ್ತದೋ ಸರಿಯಾಗಿ ಅದೇ ಗೆರೆಯಲ್ಲಿ, ಇಲಿ ಕಚ್ಚಿದ ಹಾಗೆ ಒಂದು ಗಾಯ. ಶಾಪ್‌ನಲ್ಲಿ ಇದಕ್ಕೆ ನಾಚ್ ಅನ್ನುತ್ತೇವೆ. ಉಳಿದ ಅಂಚೆಲ್ಲ ಇನ್ನೂ ಹತ್ತು ನಿಮಿಷ ಓಡಬಹುದಿತ್ತು, ಈ ಒಂದು ಕಚ್ಚಿನಿಂದ ಟಿಪ್ ಹೋಯಿತು.

ಯಾವ ಕೋಟಿಂಗ್ ಒಳ್ಳೆಯದು ಎಂದು ಕೇಳಿಕೊಂಡು ಬರುವವರನ್ನು ನಾನು ಮೊದಲು ಕೇಳುವುದು ಇದನ್ನೇ: ಹಿಂದಿನ ಟಿಪ್ ಹೇಗೆ ಸತ್ತಿತು? ನಾಚ್ ಬಿದ್ದಿತೇ, ಪಕ್ಕದ ಮುಖ ಸಮನಾಗಿ ಸವೆಯಿತೇ, ಚಿಪ್ (ಕತ್ತರಿಸಿದ ಲೋಹದ ಸುರುಳಿ) ಹರಿಯುವ ಮೇಲ್ಮುಖದಲ್ಲಿ ಗುಳಿ ಬಿತ್ತೇ, ಇಲ್ಲ ಅಂಚು ಚೂರುಚೂರಾಗಿ ಉದುರಿತೇ? ನಾಲ್ಕು ಕಾಯಿಲೆ, ನಾಲ್ಕು ಔಷಧ. ಕಾಯಿಲೆ ಗೊತ್ತಿಲ್ಲದೆ ಕ್ಯಾಟಲಾಗ್ ತೆರೆದರೆ ಎಲ್ಲ ಗ್ರೇಡೂ ಒಳ್ಳೆಯದೇ ಅನ್ನಿಸುತ್ತದೆ.

ಲೋಹದ ಸ್ವಭಾವ ಮೊದಲು

718ರಲ್ಲಿ ನಿಕಲ್ ಶೇ. 50ರಿಂದ 55, ಕ್ರೋಮಿಯಂ ಶೇ. 17ರಿಂದ 21, ನಿಯೋಬಿಯಂ ಸುಮಾರು ಶೇ. 5, ಮಾಲಿಬ್ಡಿನಂ ಸುಮಾರು ಶೇ. 3, ಸ್ವಲ್ಪ ಟೈಟಾನಿಯಂ ಮತ್ತು ಅಲ್ಯೂಮಿನಿಯಂ, ಮಿಕ್ಕಿದ್ದು ಹೆಚ್ಚುಕಡಿಮೆ ಕಬ್ಬಿಣ. ಅಮೆರಿಕದ ಇಂಟರ್‌ನ್ಯಾಷನಲ್ ನಿಕಲ್ ಕಂಪನಿ 1960ರ ದಶಕದ ಆರಂಭದಲ್ಲಿ ಇದನ್ನು ಹೊರತಂದಿತು. ಜೆಟ್ ಎಂಜಿನ್‌ಗಳ ಡಿಸ್ಕ್, ರಿಂಗ್, ಶಾಫ್ಟ್, ಕೇಸಿಂಗ್‌ಗಳಲ್ಲಿ ಇಂದಿಗೂ ಅತಿ ಹೆಚ್ಚು ಕಾಣುವ ನಿಕಲ್ ಮಿಶ್ರಲೋಹ ಇದೇ. ನಮ್ಮಲ್ಲಿ ಹೈದರಾಬಾದಿನ ಮಿಧಾನಿ ಇದನ್ನು ಸೂಪರ್ನಿ 718 ಹೆಸರಿನಲ್ಲಿ ತಯಾರಿಸುತ್ತದೆ. ಪೀಣ್ಯದಲ್ಲೋ ಬೆಳಗಾವಿಯಲ್ಲೋ ಏರೋಸ್ಪೇಸ್ ಕೆಲಸ ಹಿಡಿದ ಶಾಪ್‌ಗೆ ಇವತ್ತಲ್ಲ ನಾಳೆ ಈ ಲೋಹದ ಡ್ರಾಯಿಂಗ್ ಬಂದೇ ಬರುತ್ತದೆ.

ಡ್ರಾಯಿಂಗ್‌ನಲ್ಲಿ ಮೊದಲು ನೋಡಬೇಕಾದ್ದು ಸ್ಥಿತಿ. ಏರೋಸ್ಪೇಸ್ ಲೋಹಗಳ ಮಾನದಂಡವಾದ ಎಎಂಎಸ್ 5662 ಎಂದಿದ್ದರೆ ಲೋಹ ಇನ್ನೂ ಮೆತ್ತಗಿದೆ, ಏಜಿಂಗ್ ಆಗಿಲ್ಲ. 5663 ಎಂದಿದ್ದರೆ ಆಗಿದೆ. ಏಜಿಂಗ್ ಎಂದರೆ ಸುಮಾರು 718 ಡಿಗ್ರಿ ಸೆಲ್ಸಿಯಸ್‌ನಲ್ಲಿ 8 ಗಂಟೆ, ಆಮೇಲೆ ಕುಲುಮೆಯಲ್ಲೇ ನಿಧಾನಕ್ಕೆ 621 ಡಿಗ್ರಿಗೆ ಇಳಿಸಿ, ಒಟ್ಟು 18 ಗಂಟೆ ತುಂಬುವವರೆಗೆ ಅಲ್ಲೇ ಇಡುವುದು. ಅದು ಮುಗಿದ ಮೇಲೆ ಗಡಸುತನ 40 ಎಚ್‌ಆರ್‌ಸಿ (ರಾಕ್‌ವೆಲ್ ಸಿ ಅಳತೆ) ಆಸುಪಾಸಿಗೆ ಬರುತ್ತದೆ. ಗ್ರಾಹಕರು ಒಪ್ಪಿದರೆ ಹೆಚ್ಚಿನ ಲೋಹ ತೆಗೆಯುವ ರಫಿಂಗನ್ನು 5662 ಸ್ಥಿತಿಯಲ್ಲೇ ಮುಗಿಸಿ, ಏಜಿಂಗ್‌ಗೆ ಕಳಿಸಿ, ಫಿನಿಶಿಂಗ್ ಮಾತ್ರ ಗಟ್ಟಿ ಸ್ಥಿತಿಯಲ್ಲಿ ಮಾಡಿ. ಯಾವ ಕೋಟಿಂಗೂ ಉಳಿಸಿಕೊಡದಷ್ಟು ಟಿಪ್ ಇದೊಂದರಿಂದ ಉಳಿಯುತ್ತದೆ.

40 ಎಚ್‌ಆರ್‌ಸಿ ಇರುವ ಸ್ಟೀಲನ್ನು ನಾವು ಹೆದರದೆ ತೆಗೆಯುತ್ತೇವೆ. 718 ಸತಾಯಿಸುವುದು ಗಡಸುತನದಿಂದಲ್ಲ. ಸ್ಟೀಲ್ ಬಿಸಿಯಾದಾಗ ಸೋಲುತ್ತದೆ, ಇದು 600 ಡಿಗ್ರಿ ದಾಟಿದರೂ ಬಲ ಬಿಡುವುದಿಲ್ಲ. ಸಾಮಾನ್ಯ ಸ್ಟೀಲ್ ಶಾಖವನ್ನು ಒಯ್ಯುವುದರಲ್ಲಿ ನಾಲ್ಕೈದನೇ ಒಂದು ಪಾಲು ಮಾತ್ರ ಇದು ಒಯ್ಯುತ್ತದೆ. ಹಾಗಾಗಿ ಕಾವು ಚಿಪ್ ಜೊತೆ ಹೋಗದೆ ಟಿಪ್ಪಿನ ಅಂಚಿನಲ್ಲೇ ಕೂರುತ್ತದೆ. ಒಳಗೆ ನಿಯೋಬಿಯಂ ಕಾರ್ಬೈಡ್ ಕಣಗಳಿದ್ದು ಮರಳಿನ ಹಾಗೆ ಉಜ್ಜುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಕಟ್ ಹೋದ ಮೇಲ್ಮೈ ತಾನೇ ಗಟ್ಟಿಯಾಗಿಬಿಡುತ್ತದೆ. ಮುಂದಿನ ಕಟ್ಟಿನಲ್ಲಿ ಆ ಗಟ್ಟಿ ಚರ್ಮ ಟಿಪ್ಪಿನ ಒಂದೇ ಜಾಗವನ್ನು ಕೆರೆಯುತ್ತದೆ. ನಾಚ್ ಹುಟ್ಟುವುದು ಅಲ್ಲಿ.

ಕೋಟಿಂಗ್ ಇಲ್ಲದ ಕಾರ್ಬೈಡ್

ಇದನ್ನು ಬಹಳ ಜನ ಹಳೆಯ ಕಾಲದ್ದು ಎಂದು ಬಿಟ್ಟಿದ್ದಾರೆ. 718ರ ಮಟ್ಟಿಗೆ ನಾನೂ ಹೆಚ್ಚುಕಡಿಮೆ ಬಿಟ್ಟಿದ್ದೇನೆ. ನಿಮಿಷಕ್ಕೆ 20ರಿಂದ 35 ಮೀಟರ್ ದಾಟಿಸಿದರೆ ನಿಲ್ಲುವುದಿಲ್ಲ. ಆದರೆ ಅದೇ ಶಾಪ್‌ನಲ್ಲಿ ಟೈಟಾನಿಯಂ ಕೆಲಸವೂ ಇದ್ದರೆ ಒಂದು ಡಬ್ಬ ಇಟ್ಟುಕೊಳ್ಳಿ. ಸಣ್ಣ ಕಣದ, ಶೇ. 6 ಕೋಬಾಲ್ಟ್‌ನ ಬರೀ ಕಾರ್ಬೈಡ್ ಟಿಪ್ ಟೈಟಾನಿಯಂ ಮೇಲೆ ಇಂದಿಗೂ ಗೌರವದಿಂದ ಓಡುತ್ತದೆ. ಇನ್ನೊಂದು ಮಾತು: ಟೈಟಾನಿಯಂಗೆ ಸೆರಾಮಿಕ್ ಟಿಪ್ ಹಾಕಲೇಬೇಡಿ. ಲೋಹ ಟಿಪ್ಪಿನೊಂದಿಗೆ ರಾಸಾಯನಿಕವಾಗಿ ಬೆರೆಯುತ್ತದೆ, ಆ ವೇಗದ ಕಾವಿಗೆ ಚಿಪ್ ಹೊತ್ತಿಕೊಳ್ಳಲೂಬಹುದು.

ಪಿವಿಡಿ: ಇಲ್ಲಿಂದ ಶುರು ಮಾಡಿ

ಅನುಮಾನವಿದ್ದರೆ ಪಿವಿಡಿ, ಅಂದರೆ ಲೋಹದ ಆವಿಯಿಂದ ಕಾರ್ಬೈಡಿನ ಮೇಲೆ ಕೂರಿಸಿದ ತೆಳು ಲೇಪನ. 718 ಟರ್ನಿಂಗ್‌ನಲ್ಲಿ ನಾನು ಹೊಸ ಕೆಲಸ ಶುರು ಮಾಡುವುದು ಯಾವಾಗಲೂ ಇದರಿಂದಲೇ.

ಕಾರಣ ಅಂಚಿನಲ್ಲಿದೆ. ಪಿವಿಡಿ ಲೇಪನ 450ರಿಂದ 500 ಡಿಗ್ರಿಯ ನಿರ್ವಾತ ಕುಲುಮೆಯಲ್ಲಿ ಕೂರುತ್ತದೆ, ದಪ್ಪ ಬಹಳವೆಂದರೆ 2ರಿಂದ 5 ಮೈಕ್ರಾನ್. ಇಷ್ಟು ತೆಳು ಪದರ ಅಂಚನ್ನು ದುಂಡಗೆ ಮಾಡುವುದಿಲ್ಲ, ಚೂಪು ಉಳಿಯುತ್ತದೆ. ಜೊತೆಗೆ ಈ ಪದರದೊಳಗೆ ಒತ್ತಿ ಹಿಡಿದಂಥ ಬಿಗಿತ ಇರುತ್ತದೆ. ಕೂದಲೆಳೆಯ ಬಿರುಕು ಹುಟ್ಟಿದರೂ ಅದು ಬಾಯಿ ತೆರೆಯದಂತೆ ತಡೆಯುತ್ತದೆ. ಅಂಚು ಉದುರುವ ಕಾಯಿಲೆಗೆ ಇದೇ ಮದ್ದು.

ಪಿವಿಡಿಯೊಳಗೇ ಯಾವುದು? ಬಂಗಾರದ ಬಣ್ಣದ ಟೈಟಾನಿಯಂ ನೈಟ್ರೈಡ್ 550 ಡಿಗ್ರಿಯ ಸುತ್ತಮುತ್ತಲೇ ಗಾಳಿಯಲ್ಲಿ ಹಾಳಾಗತೊಡಗುತ್ತದೆ, 718ಕ್ಕೆ ಸಾಲದು. ಅದಕ್ಕೆ ಅಲ್ಯೂಮಿನಿಯಂ ಸೇರಿದ ನೇರಳೆಗಪ್ಪು ಬಣ್ಣದ ಟೈಟಾನಿಯಂ ಅಲ್ಯೂಮಿನಿಯಂ ನೈಟ್ರೈಡ್ 800 ಡಿಗ್ರಿವರೆಗೆ ತಾಳುತ್ತದೆ. ಕಾವು ಏರಿದಾಗ ಅದರ ಅಲ್ಯೂಮಿನಿಯಂ ಮೇಲೆ ಬಂದು ಗಾಳಿಯೊಂದಿಗೆ ಸೇರಿ ಅಲ್ಯೂಮಿನಾದ ತೆಳು ಚರ್ಮ ಕಟ್ಟುತ್ತದೆ, ಆ ಚರ್ಮವೇ ಒಳಗಿನದನ್ನು ಕಾಯುತ್ತದೆ. ಬೂದು ಬಣ್ಣದ ಅಲ್ಯೂಮಿನಿಯಂ ಕ್ರೋಮಿಯಂ ನೈಟ್ರೈಡ್ ಇನ್ನೂ ಮೇಲೆ, 1000 ಡಿಗ್ರಿ ದಾಟಿಯೂ ನಿಲ್ಲುತ್ತದೆ. ಎಂಡ್‌ಮಿಲ್‌ಗಳಲ್ಲಿ ಇದು ನನಗೆ ಹೆಚ್ಚು ಒಪ್ಪಿಗೆಯಾಗಿದೆ. ಟರ್ನಿಂಗ್ ಟಿಪ್ಪಿಗೆ ಮೊದಲನೆಯ ಆಯ್ಕೆ ಟೈಟಾನಿಯಂ ಅಲ್ಯೂಮಿನಿಯಂ ನೈಟ್ರೈಡ್.

ಆದರೆ ಕೋಟಿಂಗ್ ಎಷ್ಟೇ ಒಳ್ಳೆಯದಿರಲಿ, ಅದನ್ನು ಹೊತ್ತ ಕಾರ್ಬೈಡ್ ಮೆತ್ತಗಿದ್ದರೆ ಕಾವಿಗೆ ಅಂಚು ಕುಸಿಯುತ್ತದೆ, ಮೇಲಿನ ಪದರ ಮೊಟ್ಟೆಯ ಚಿಪ್ಪಿನಂತೆ ಒಡೆಯುತ್ತದೆ. ಅದಕ್ಕೇ ಬಾಕ್ಸಿನ ಮೇಲಿನ ಎಸ್05, ಎಸ್15, ಎಸ್30 ಅಂಕಿ ಓದಿ; ಎಸ್ ಎಂದರೆ ಶಾಖನಿರೋಧಕ ಲೋಹಗಳ ಗುಂಪು. ಅಂಕಿ ಚಿಕ್ಕದಾದಷ್ಟೂ ಗಟ್ಟಿ, ದೊಡ್ಡದಾದಷ್ಟೂ ಪೆಟ್ಟು ತಾಳುವುದು. ಬಿಡುವಿಲ್ಲದ ದುಂಡು ಕಟ್ಟಿಗೆ ಎಸ್05ರಿಂದ ಎಸ್15. ಫೋರ್ಜಿಂಗ್ ಚರ್ಮ, ಕಿಂಡಿ, ಬೋಲ್ಟ್ ರಂಧ್ರ ಅಡ್ಡ ಬಂದರೆ ಎಸ್20 ಮೇಲೆ. ವೇಗ ನಿಮಿಷಕ್ಕೆ 40ರಿಂದ 60 ಮೀಟರ್‌ನಲ್ಲಿ ಶುರು ಮಾಡಿ. ಕೂಲೆಂಟ್ ಒತ್ತಡ 70 ಬಾರ್ ಸಿಕ್ಕರೆ 70 ಮೀಟರ್‌ಗೆ ಏರಿಸಿ ನೋಡಬಹುದು.

ಸಿವಿಡಿ: ಸ್ಟೀಲಿನ ಅನುಭವ ಇಲ್ಲಿ ದಾರಿ ತಪ್ಪಿಸುತ್ತದೆ

ಸಿವಿಡಿ ಲೇಪನದ ಟಿಪ್ 1969ರಿಂದಲೂ ಮಾರುಕಟ್ಟೆಯಲ್ಲಿದೆ. ಸ್ಟೀಲ್, ಎರಕದ ಕಬ್ಬಿಣದಲ್ಲಿ ಅದಕ್ಕೆ ಸಾಟಿಯಿಲ್ಲ. ಸುಮಾರು 1000 ಡಿಗ್ರಿಯಲ್ಲಿ ಅನಿಲಗಳಿಂದ ಕಟ್ಟುವ ಪದರ, 5ರಿಂದ 20 ಮೈಕ್ರಾನ್ ದಪ್ಪ, ನಡುವೆ ಅಲ್ಯೂಮಿನಾದ ಗೋಡೆ. ಕಾವನ್ನು ತಡೆಯುವುದರಲ್ಲಿ, ಗುಳಿ ಬೀಳದಂತೆ ನೋಡಿಕೊಳ್ಳುವುದರಲ್ಲಿ ಪಿವಿಡಿಗಿಂತ ಮೇಲು.

ಈ ಹೊಗಳಿಕೆಯನ್ನೇ ನಂಬಿ ನಾನೊಮ್ಮೆ ಪಟ್ಟ ಪಾಡು ಹೇಳುತ್ತೇನೆ. 4 ಮಿಲಿಮೀಟರ್ ಗೋಡೆಯ 718 ರಿಂಗ್, ಏಜಿಂಗ್ ಆದದ್ದು. ಸ್ಟೀಲಿನಲ್ಲಿ ಎರಡು ಪಟ್ಟು ಬಾಳಿದ ಸಿವಿಡಿ ಗ್ರೇಡನ್ನೇ ಫಿನಿಶಿಂಗ್‌ಗೆ ಹಾಕಿಸಿದೆ. ಕಟ್ಟಿನ ಆಳ 0.15 ಮಿಲಿಮೀಟರ್, ಫೀಡ್ (ಒಂದು ಸುತ್ತಿಗೆ ಟಿಪ್ ಮುಂದೆ ಸರಿಯುವ ದೂರ) 0.08. ಮೊದಲ ಪಾಸ್ ಆದ ಮೇಲೆ ಮೇಲ್ಮೈ ಕನ್ನಡಿಯ ಹಾಗೆ ಹೊಳೆಯಿತು. ಆಪರೇಟರ್ ಅಣ್ಣ ಕೈಯಾಡಿಸಿ, ‘ಏನ್ ಸಾರ್, ಈ ಪಾಟಿ ಬಂದೈತೆ’ ಅಂದರು. ನನಗೂ ಖುಷಿಯಾಯಿತು. ಅಳತೆ ಹಿಡಿದಾಗ ರಿಂಗ್ ದಪ್ಪವೇ ಉಳಿದಿತ್ತು, ಅಂದುಕೊಂಡಷ್ಟು ಲೋಹ ಹೋಗಿಯೇ ಇರಲಿಲ್ಲ. ಆಫ್‌ಸೆಟ್ ಕೊಟ್ಟು ಎರಡನೇ ಪಾಸ್ ಬಿಟ್ಟೆವು. ಅರ್ಧ ದಾರಿಯಲ್ಲಿ ಟಿಪ್ ಒಡೆದು ರಿಂಗ್ ಮೇಲೆ ಗೀರು ಬಿತ್ತು, ಜಾಬ್ ರಿಜೆಕ್ಟ್.

ಆದದ್ದೇನೆಂದರೆ, ದಪ್ಪ ಪದರ ಚೂಪು ಅಂಚಿನ ಮೇಲೆ ನಿಲ್ಲುವುದಿಲ್ಲವಾದ್ದರಿಂದ ಸಿವಿಡಿ ಟಿಪ್ಪಿನ ಅಂಚನ್ನು ಮೊದಲೇ ದುಂಡಗೆ ಮಾಡಿರುತ್ತಾರೆ. ಆ ದುಂಡು 40 ಮೈಕ್ರಾನ್ ಇದ್ದು ಫೀಡ್ 80 ಮೈಕ್ರಾನ್ ಆದರೆ, ಮೂಗಿನ ವಕ್ರದಲ್ಲಿ ಚಿಪ್ ಇನ್ನೂ ತೆಳುವಾಗಿ ಟಿಪ್ ಕತ್ತರಿಸುವುದನ್ನು ಬಿಟ್ಟು ಉಜ್ಜತೊಡಗುತ್ತದೆ. ಆ ಹೊಳಪು ಉಜ್ಜಿದ ಹೊಳಪು. ಉಜ್ಜಿಸಿಕೊಂಡ 718 ಗಟ್ಟಿ ಚರ್ಮ ಕಟ್ಟಿಕೊಂಡಿತು, ತೆಳು ಗೋಡೆ ಒತ್ತಡಕ್ಕೆ ಹಿಂದೆ ಸರಿಯಿತು, ಎರಡನೇ ಪಾಸ್‌ನ ಟಿಪ್ಪಿಗೆ ಆ ಚರ್ಮವೇ ಎದುರಾಯಿತು. ಮೇಲಾಗಿ ಸಿವಿಡಿ ಪದರ ಬಿಸಿಯಿಂದ ಆರುವಾಗ ಎಳೆದು ಹಿಡಿದಂತಾಗಿ ಅದರಲ್ಲಿ ಸೂಕ್ಷ್ಮ ಬಿರುಕುಗಳಿರುತ್ತವೆ, ಪೆಟ್ಟು ಅದಕ್ಕಾಗದು.

ಹಾಗಾದರೆ ಸಿವಿಡಿ 718ಕ್ಕೆ ಬೇಡವೇ? ಒಂದು ಜಾಗದಲ್ಲಿ ಬೇಕು. ಒಂದು ಲೆಕ್ಕ ಹಾಕೋಣ. 300 ಮಿಲಿಮೀಟರ್ ವ್ಯಾಸ, 60 ಮಿಲಿಮೀಟರ್ ಉದ್ದ, ಫೀಡ್ 0.15. ಒಂದು ಸುತ್ತಿಗೆ ಟಿಪ್ 0.94 ಮೀಟರ್ ನಡೆಯುತ್ತದೆ, ಒಟ್ಟು 400 ಸುತ್ತು, ಅಂದರೆ ಸುಮಾರು 377 ಮೀಟರ್. ನಿಮಿಷಕ್ಕೆ 50 ಮೀಟರ್‌ನಲ್ಲಿ ಏಳೂವರೆ ನಿಮಿಷ. ಇಷ್ಟಕ್ಕೆ ಪಿವಿಡಿ ಸಾಕು. ಅದೇ 600 ವ್ಯಾಸ, 120 ಉದ್ದದ ಕೇಸಿಂಗ್ ಆದರೆ ನಾಲ್ಕು ಪಟ್ಟು, ಅರ್ಧ ಗಂಟೆ ಒಂದೇ ಅಂಚು ನಿಲ್ಲಬೇಕು. ಫಿನಿಶ್ ಪಾಸ್ ನಡುವೆ ಟಿಪ್ ಬದಲಿಸಿದರೆ ಮೆಟ್ಟಿಲು ಬೀಳುತ್ತದೆ, ಗ್ರಾಹಕರು ಒಪ್ಪುವುದಿಲ್ಲ. ಇಂಥ ದಪ್ಪ ಗೋಡೆಯ, ಅಡೆತಡೆಯಿಲ್ಲದ, ಉದ್ದ ಪಾಸ್‌ಗೆ ಶಾಖನಿರೋಧಕ ಲೋಹಗಳಿಗೆಂದೇ ಮಾಡಿದ ತೆಳು ಸಿವಿಡಿ ಗ್ರೇಡ್‌ಗಳಿವೆ. ಸ್ಯಾಂಡ್‌ವಿಕ್‌ನ ಎಸ್05ಎಫ್ ಆ ಜಾತಿಯದು. ಹಿಂದಿನ ಪಿವಿಡಿ ಟಿಪ್ ಗುಳಿ ಬಿದ್ದು ಸತ್ತಿದ್ದರೆ, ನಾಚ್ ಬಿದ್ದು ಅಲ್ಲದಿದ್ದರೆ, ಆಗ ಸಿವಿಡಿಗೆ ಹೋಗಿ. ಸ್ಟೀಲ್‌ಗೆ ತಂದ ಸಿವಿಡಿ ಡಬ್ಬವನ್ನು ಮಾತ್ರ ಈ ಲೇತಿನ ಹತ್ತಿರ ಇಡಬೇಡಿ.

ಸೆರಾಮಿಕ್: ಐದು ಪಟ್ಟು ವೇಗ, ಆದರೆ ಯಾರ ಲೆಕ್ಕದಲ್ಲಿ?

ಸೆರಾಮಿಕ್ ಕೋಟಿಂಗ್ ಅಲ್ಲ, ಟಿಪ್ಪೇ ಬೇರೆ. ಆದರೂ ರಫಿಂಗ್‌ನಲ್ಲಿ ನಿಜವಾದ ಪೈಪೋಟಿ ಪಿವಿಡಿ ಕಾರ್ಬೈಡಿಗೂ ಇದಕ್ಕೂ ನಡುವೆ. ಎರಡು ಜಾತಿ ಮುಖ್ಯ: ಸಿಲಿಕಾನ್ ನೈಟ್ರೈಡ್ ಮೂಲದ ಸಿಯಾಲಾನ್, ಮತ್ತು ಅಲ್ಯೂಮಿನಾದೊಳಗೆ ಸಿಲಿಕಾನ್ ಕಾರ್ಬೈಡಿನ ಕೂದಲೆಳೆಗಳನ್ನು ಬೆರೆಸಿದ ವಿಸ್ಕರ್ ಸೆರಾಮಿಕ್. ಸಿಯಾಲಾನ್ ಗಟ್ಟಿಮುಟ್ಟು, ಫೋರ್ಜಿಂಗ್ ಚರ್ಮ ತೆಗೆಯಲು ಸರಿ. ವಿಸ್ಕರ್ ಏಜಿಂಗ್ ಆದ ಲೋಹಕ್ಕೆ ಸರಿ. ವೇಗ ನಿಮಿಷಕ್ಕೆ 200ರಿಂದ 300 ಮೀಟರ್.

ಕಾರ್ಬೈಡಿನಲ್ಲಿ ಕಾವು ಶತ್ರು, ಸೆರಾಮಿಕ್‌ನಲ್ಲಿ ಕಾವೇ ಕೆಲಸಗಾರ. ಆ ವೇಗದಲ್ಲಿ ಟಿಪ್ಪಿನ ಮುಂದಿನ ಲೋಹ ತನ್ನ ಬಲದ ಮಿತಿ ದಾಟಿ ಬಿಸಿಯಾಗಿ ಮೆತ್ತಗಾಗುತ್ತದೆ, ಸೆರಾಮಿಕ್ ಮಾತ್ರ ಗಟ್ಟಿಯಾಗಿಯೇ ಇರುತ್ತದೆ. ಅದಕ್ಕೇ ಹೆದರಿ ವೇಗ ಇಳಿಸಿದರೆ ಟಿಪ್ ಉಳಿಯುವುದಿಲ್ಲ, ಒಡೆಯುತ್ತದೆ. 100 ಮೀಟರ್‌ನಲ್ಲಿ ಸೆರಾಮಿಕ್ ಓಡಿಸುವ ಶಾಪ್ ದುಡ್ಡು ಚೆಲ್ಲುತ್ತಿದೆ.

ಈಗ ದುಡ್ಡಿನ ಮಾತು. 400 ಘನ ಸೆಂಟಿಮೀಟರ್ ಲೋಹ ತೆಗೆಯಬೇಕು ಅನ್ನಿ. ಕಾರ್ಬೈಡ್: 40 ಮೀಟರ್, ಆಳ 2, ಫೀಡ್ 0.25, ನಿಮಿಷಕ್ಕೆ 20 ಘನ ಸೆಂಟಿಮೀಟರ್, 20 ನಿಮಿಷದ ಕೆಲಸ, ಎರಡು ಅಂಚು. ಸೆರಾಮಿಕ್: 250 ಮೀಟರ್, ಆಳ 2, ಫೀಡ್ 0.2, ನಿಮಿಷಕ್ಕೆ 100, ನಾಲ್ಕು ನಿಮಿಷದ ಕೆಲಸ, ಒಂದು ಅಂಚು. ಅಂಚಿನ ಬೆಲೆ ಕಾರ್ಬೈಡಿಗೆ 150 ರೂಪಾಯಿ, ಸೆರಾಮಿಕ್‌ಗೆ 400 ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ, ನಿಮ್ಮ ಡೀಲರ್ ಕೊಟ್ಟ ಬೆಲೆ ಆಮೇಲೆ ಹಾಕಿ. ಮೆಷಿನ್ ಗಂಟೆಗೆ 1500 ರೂಪಾಯಿ ಆದರೆ ಕಾರ್ಬೈಡಿಗೆ 500 ಮತ್ತು 300, ಒಟ್ಟು 800. ಸೆರಾಮಿಕ್‌ಗೆ 100 ಮತ್ತು 400, ಒಟ್ಟು 500. ಸೆರಾಮಿಕ್ ಗೆದ್ದಿತು. ಮೆಷಿನ್ ಗಂಟೆಗೆ 600 ಆದರೆ? 500ಕ್ಕೆ 440. ಲಾಭ ಆವಿಯಾಯಿತು, ಒಂದು ಟಿಪ್ ಒಡೆದರೆ ನಷ್ಟ.

ಕ್ಯಾಟಲಾಗ್‌ಗಳ ಲೆಕ್ಕ ದುಬಾರಿ ಮೆಷಿನ್ ಗಂಟೆಯ ದೇಶಗಳಲ್ಲಿ ಹುಟ್ಟಿದ್ದು. ಅಲ್ಲಿ ಟಿಪ್ಪಿನ ಬೆಲೆ ನಗಣ್ಯ. ನಮ್ಮ ಸಣ್ಣ ಶಾಪ್‌ಗಳಲ್ಲಿ ಹಾಗಲ್ಲ, ಅದಕ್ಕೇ ಈ ಲೆಕ್ಕವನ್ನು ನೀವೇ ಕೂತು ಹಾಕಬೇಕು. ಮೆಷಿನ್ ಸರದಿಯಲ್ಲಿ ಜಾಬ್‌ಗಳು ಸಾಲುಗಟ್ಟಿ ನಿಂತಿದ್ದರೆ ಮಾತು ಬೇರೆ; ಉಳಿದ 16 ನಿಮಿಷಕ್ಕೆ ಬೆಲೆ ಇದೆ. ಮೆಷಿನ್ ಖಾಲಿ ಕೂರುವುದಾದರೆ ಪಿವಿಡಿಯಲ್ಲೇ ಇರಿ.

ಸೆರಾಮಿಕ್‌ಗೆ ಗಟ್ಟಿ ಮೆಷಿನ್ ಬೇಕು, ಚಕ್ ಹಿಡಿತ ಅಲುಗಬಾರದು, ಬಾಗಿಲು ಭದ್ರವಿರಬೇಕು, ಏಕೆಂದರೆ ಚಿಪ್ ಕೆಂಪಗೆ ಹಾರುತ್ತದೆ. ಟರ್ನಿಂಗ್‌ನಲ್ಲಿ ಕೂಲೆಂಟ್ ಧಾರಾಳವಾಗಿ, ಎಡೆಬಿಡದೆ ಬರಬೇಕು. ಮಿಲ್ಲಿಂಗ್ ಆದರೆ ಗಾಳಿ ಮಾತ್ರ, ಹನಿ ಕೂಲೆಂಟೂ ಬೇಡ.

ಸಿಬಿಎನ್ (ಕ್ಯೂಬಿಕ್ ಬೋರಾನ್ ನೈಟ್ರೈಡ್) ಟಿಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿಬಿಎನ್ ಪ್ರಮಾಣ ಕಡಿಮೆಯಿರುವ ಗ್ರೇಡಿನಲ್ಲಿ 250 ಮೀಟರ್ ಸುತ್ತಮುತ್ತ ಫಿನಿಶಿಂಗ್ ಚೆನ್ನಾಗಿ ಬರುತ್ತದೆ. ಒಂದೇ ಥರದ ನೂರಾರು ಜಾಬ್ ಇದ್ದರೆ, ಗ್ರಾಹಕರ ಲಿಖಿತ ಒಪ್ಪಿಗೆ ಇದ್ದರೆ ಯೋಚಿಸಿ.

ಮಿಲ್ಲಿಂಗ್‌ನಲ್ಲಿ ಆಯ್ಕೆ ಸುಲಭ. ಅಂಚು ಪ್ರತಿ ಸುತ್ತಿಗೂ ಪೆಟ್ಟು ತಿನ್ನುತ್ತದೆ, ಬಿಸಿಯಾಗಿ ಆರುತ್ತದೆ. ಶೇ. 10 ಕೋಬಾಲ್ಟ್‌ನ ಕಾರ್ಬೈಡ್, ಮೇಲೆ ಪಿವಿಡಿ, 25ರಿಂದ 40 ಮೀಟರ್, ಹಲ್ಲು ದಪ್ಪ ಚಿಪ್ಪಿನಲ್ಲಿ ಒಳಹೋಗಿ ತೆಳು ಚಿಪ್ಪಿನಲ್ಲಿ ಹೊರಬರುವ ಕ್ಲೈಂಬ್ ಮಿಲ್ಲಿಂಗ್. ಅಷ್ಟೆ. ಎಂಡ್‌ಮಿಲ್ ರೀಗ್ರೈಂಡ್ ಮಾಡಿಸಿದರೆ ಮತ್ತೆ ಕೋಟಿಂಗ್ ಹಾಕಿಸಿಯೇ ಬಳಸಿ, ಅದನ್ನೂ ರಫಿಂಗ್‌ಗೆ ಮಾತ್ರ.

ಕೋಟಿಂಗ್ ಬದಲಿಸುವ ಮುಂಚೆ

ನಾಚ್ ಕೋಟಿಂಗಿನ ಕಾಯಿಲೆಗಿಂತ ಕೋನದ ಕಾಯಿಲೆ. 95 ಡಿಗ್ರಿ ಹೋಲ್ಡರ್‌ನಲ್ಲಿ 80 ಡಿಗ್ರಿ ಟಿಪ್ ಹಾಕಿದರೆ ಗಟ್ಟಿ ಚರ್ಮ ಅಂಚಿನ ಒಂದೇ ಬಿಂದುವಿಗೆ ನೇರ ಬಡಿಯುತ್ತದೆ. ಚೌಕ ಟಿಪ್ಪನ್ನು 45 ಡಿಗ್ರಿಯಲ್ಲಿ ಇಟ್ಟರೆ ಚಿಪ್ಪಿನ ದಪ್ಪ ಶೇ. 70ಕ್ಕೆ ಇಳಿದು ಪೆಟ್ಟು ಹಂಚಿಹೋಗುತ್ತದೆ, ಫೀಡನ್ನು ಬೇಕಾದರೆ 1.4 ಪಟ್ಟು ಏರಿಸಬಹುದು. ಜಾಗವಿದ್ದರೆ ದುಂಡು ಟಿಪ್ ಇನ್ನೂ ಒಳ್ಳೆಯದು. ಎರಡು ಪಾಸ್ ಇದ್ದರೆ ಎರಡಕ್ಕೂ ಬೇರೆ ಬೇರೆ ಆಳ ಕೊಡಿ. ಇಲ್ಲವೇ ಪಾಸ್ ಉದ್ದಕ್ಕೂ ಆಳ ಮೆಲ್ಲನೆ ಬದಲಾಗುವಂತೆ ಪ್ರೋಗ್ರಾಂ ಮಾಡಿ, ಗಾಯದ ಗೆರೆ ಜರುಗುತ್ತಾ ಹೋಗುತ್ತದೆ. ಹಿಂದಿನ ಪಾಸ್‌ನ ಗಟ್ಟಿ ಚರ್ಮದ ಕೆಳಗೆ ಅಂಚು ಇಳಿಯುವಷ್ಟು ಆಳ ಸದಾ ಇರಲಿ. ಟಿಪ್ ಲೋಹಕ್ಕೆ ತಾಗಿ ನಿಂತಿರುವಾಗ ಫೀಡ್ ಎಂದೂ ನಿಲ್ಲಿಸಬೇಡಿ.

ಕೂಲೆಂಟ್ ಎಣ್ಣೆ ಶೇ. 8ರಿಂದ 10 ಇದೆಯೇ ಎಂದು ಬೆಳಿಗ್ಗೆ ರಿಫ್ರಾಕ್ಟೋಮೀಟರ್‌ನಲ್ಲಿ ನೋಡಿ. ಬೇಸಿಗೆಯಲ್ಲಿ ನೀರು ಆರಿ ಗಟ್ಟಿಯಾಗುತ್ತದೆ, ಬರೀ ನೀರು ಸುರಿಯುವವರಿದ್ದರೆ ತೆಳುವಾಗುತ್ತದೆ.

ತಿರುಗುವ ಎಂಜಿನ್ ಭಾಗ ಮಾಡುವವರಿಗೆ ಇನ್ನೊಂದು ಮಾತು, ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. 1996ರ ಜುಲೈ 6ರಂದು ಅಮೆರಿಕದ ಪೆನ್ಸಕೋಲಾದಲ್ಲಿ ಡೆಲ್ಟಾ ಏರ್‌ಲೈನ್ಸ್‌ನ 1288ನೇ ವಿಮಾನ ಮೇಲೇರಲು ಓಡುತ್ತಿದ್ದಾಗ ಎಂಜಿನ್ನಿನ ಫ್ಯಾನ್ ಹಬ್ ಒಡೆದು ಚೂರುಗಳು ಒಳಗೆ ನುಗ್ಗಿದವು, ಇಬ್ಬರು ಪ್ರಯಾಣಿಕರು ತೀರಿಕೊಂಡರು. ಹಬ್ ಟೈಟಾನಿಯಂನದು. ಅದರ ಒಂದು ರಂಧ್ರ ಕೊರೆಯುವಾಗ ಗೋಡೆಯ ಲೋಹ ಕಾವಿಗೆ ಬದಲಾಗಿ ಗಟ್ಟಿಯಾಗಿತ್ತು, ವರ್ಷಗಳ ನಂತರ ಬಿರುಕು ಅಲ್ಲಿಂದಲೇ ಹೊರಟಿತ್ತು ಎಂದು ತನಿಖೆಯಲ್ಲಿ ಕಂಡುಬಂತು. ಅಳತೆ ಸರಿಯಿದ್ದರೂ ಚರ್ಮದ ಕೆಳಗೆ ಕೆಟ್ಟಿರಬಹುದು. ಅದಕ್ಕೇ ಇಂಥ ಭಾಗಗಳಲ್ಲಿ ಒಪ್ಪಿಗೆಯಾದ ಗ್ರೇಡ್, ವೇಗ, ಫೀಡ್, ಟಿಪ್ ಬದಲಿಸುವ ನಿಮಿಷ, ಯಾವುದನ್ನೂ ನಾವಾಗಿ ಬದಲಿಸುವ ಹಾಗಿಲ್ಲ. ಅಂಚು ಇನ್ನೂ ಚೆನ್ನಾಗಿದೆ ಎಂದು ಇನ್ನೊಂದು ಪಾಸ್ ಓಡಿಸುವುದೂ ಇಲ್ಲ. ಇಲ್ಲಿ ಬರೆದದ್ದೆಲ್ಲ ಪ್ರಕ್ರಿಯೆ ಗ್ರಾಹಕರ ಸಹಿಗೆ ಹೋಗುವ ಮುಂಚಿನ ಟ್ರಯಲ್‌ಗೆ.

ಟ್ರಯಲ್ ಹೀಗೆ ಮಾಡಿ. ಎಸ್15ರ ಪಿವಿಡಿ ಟಿಪ್, 45 ಡಿಗ್ರಿ, ನಿಮಿಷಕ್ಕೆ 45 ಮೀಟರ್. ಐದು ನಿಮಿಷಕ್ಕೆ ನಿಲ್ಲಿಸಿ ನೋಡಿ, ಮತ್ತೆ ಐದು ನಿಮಿಷ. ಪಕ್ಕದ ಮುಖದ ಸವೆತ 0.2 ಮಿಲಿಮೀಟರ್ ಮುಟ್ಟಿದರೆ ಅಲ್ಲಿಗೆ ಸಾಕು. ಒಂದು ಅಂಚು ನೋಡಿ ತೀರ್ಮಾನಿಸಬೇಡಿ, ಮೂರಾದರೂ ಓಡಿಸಿ. ನಾಚ್ ಬಿದ್ದರೆ ಕೋನ ಮತ್ತು ಆಳ ಬದಲಿಸಿ. ಸಮನಾಗಿ ಸವೆದರೆ ವೇಗ ಇಳಿಸಿ ಅಥವಾ ಎಸ್05ಕ್ಕೆ ಹೋಗಿ. ಗುಳಿ ಬಿದ್ದರೆ ತೆಳು ಸಿವಿಡಿ. ಉದುರಿದರೆ ಹಿಡಿತ ನೋಡಿ, ಆಮೇಲೆ ಎಸ್25. ಒಮ್ಮೆಗೆ ಒಂದನ್ನೇ ಬದಲಿಸಿ. ಸತ್ತ ಮೂರೂ ಟಿಪ್‌ಗಳನ್ನು ಸಣ್ಣ ಪ್ಲಾಸ್ಟಿಕ್ ಕವರಿಗೆ ಹಾಕಿ, ಮೇಲೆ ವೇಗ, ಫೀಡ್, ನಿಮಿಷದ ಜೊತೆ ಬಾರ್‌ನ ಹೀಟ್ ನಂಬರನ್ನೂ (ಲೋಹ ಕರಗಿಸಿದ ಬ್ಯಾಚಿನ ಗುರುತು) ಬರೆದಿಡಿ. ಹೀಟ್ ಬದಲಾದ ದಿನ ಅದೇ ಪ್ರೋಗ್ರಾಂನಲ್ಲಿ ಟಿಪ್ ಬೇಗ ಹೋದರೆ, ಮೊದಲು ತೆರೆಯಬೇಕಾದ್ದು ಆ ಕವರ್.